ಮೂರು ಬಾಗಿಲು, ಒಂದು ಸುಳ್ಳು: ಕೊಪ್ಪಳ ಜಾತ್ರೆಯ ಟೆಂಟಿನಲ್ಲಿ ನೋಡಿದ ಪ್ರಹಸನ

ಗವಿಮಠದ ಜಾತ್ರೆಗೆ ಬಂದ ನಾಟಕ ಕಂಪನಿಗಳಲ್ಲಿ ಒಂದರ ಟೆಂಟಿಗೆ ಹೋದ ಶನಿವಾರ ರಾತ್ರಿ ಹೋಗಿದ್ದೆವು. ನಾನು, ನನ್ನ ಹೆಂಡತಿ, ಬಳ್ಳಾರಿಯಿಂದ ಬಂದಿದ್ದ ಅವಳ ತಮ್ಮ. ಮುಂದಿನ ಕುರ್ಚಿಗೆ 150 ರೂಪಾಯಿ, ಹಿಂದಿನದಕ್ಕೆ 100. ಹತ್ತಕ್ಕೆ ಅಂತ ಹೇಳಿದ ಆಟ ಶುರುವಾದದ್ದು 10.40ಕ್ಕೆ. ಕುರ್ಚಿ ಗಟ್ಟಿ ಇದ್ದವು, ಮೇಲೆ ತೂಗುಬಿಟ್ಟ ಮೈಕು ಎರಡು ಸಲ ಕೀರಲಿತು, ಅಷ್ಟೇ. ಪೆಟಗಿ (ಹಾರ್ಮೋನಿಯಂ) ಮಾಸ್ತರರ ಕೈ ಬಹಳ ಚೆನ್ನಾಗಿತ್ತು.

ಆಟದ ಕಥೆ ಇಷ್ಟು. ಗಂಗಾವತಿಯ ಅಕ್ಕಿ ಗಿರಣಿಯ ಗುಮಾಸ್ತ, ಗಿರಣಿ ತನ್ನದೇ ಅಂತ ಸೋದರಮಾವನಿಗೆ ಕಾಗದ ಬರೆದಿದ್ದಾನೆ. ಮಾವ ಮಗಳನ್ನು ಕರೆದುಕೊಂಡು ಬಂದೇ ಬಿಡುತ್ತಾನೆ. ಅದೇ ಹೊತ್ತಿಗೆ ಖರೇ ಮಾಲೀಕನೂ ಬರುತ್ತಾನೆ. ಗುಮಾಸ್ತ ಮಾಲೀಕನನ್ನು ಹಮಾಲ ಅನ್ನುತ್ತಾನೆ, ಹಮಾಲನನ್ನು ಬ್ಯಾಂಕಿನ ಸಾಹೇಬ ಅನ್ನುತ್ತಾನೆ. ಒಬ್ಬ ಮುಂಬಾಗಿಲಿನಿಂದ ಬಂದರೆ ಇನ್ನೊಬ್ಬ ಅಡುಗೆಮನೆ ಬಾಗಿಲಿಗೆ ಓಡಬೇಕು, ಮೂರನೆಯವ ಗೋದಾಮಿನ ಚೀಲದೊಳಗೆ ಇಳಿಯಬೇಕು. ಬಣ್ಣದ ಪರದೆ ನಂಬಿಕೊಂಡು ಕೂಡುವ ಬದಲು ಈ ಕಂಪನಿಯವರು ಕಟ್ಟಿಗೆಯ ಚೌಕಟ್ಟಿನ ಮೂರು ಬಾಗಿಲು ನಿಲ್ಲಿಸಿದ್ದರು. ಈ ಥರದ ಆಟಕ್ಕೆ ಬಾಗಿಲೇ ಪ್ರಾಣ. ಬಾಗಿಲು ಬಡಿದುಕೊಂಡ ಸಪ್ಪಳ ಕೇಳಿಸಬೇಕು, ಒಂದು ಮುಚ್ಚುವುದಕ್ಕೂ ಇನ್ನೊಂದು ತೆರೆಯುವುದಕ್ಕೂ ನಡುವೆ ಉಸಿರು ಬಿಡಲು ಜಾಗ ಇರಬಾರದು. ಮೊದಲ ಅರ್ಧದಲ್ಲಿ ಇದನ್ನು ಅವರು ಗಡಿಯಾರದಂತೆ ಮಾಡಿದರು. ಚೀಲದೊಳಗಿನಿಂದ ಮಾಲೀಕನ ಟೊಪ್ಪಿಗೆ ಮಾತ್ರ ಮೇಲೆದ್ದಾಗ ಟೆಂಟಿನ ತುಂಬ ಜನ ಎದ್ದು ನಿಂತು ನಕ್ಕರು.

ವಿರಾಮದಲ್ಲಿ ಚಹಾ ಕುಡಿಯುವಾಗ ಹೆಂಡತಿಯ ತಮ್ಮ ಅಂದ: "ನಕ್ಕಿದ್ದು ಖರೇ ಮಾಮಾ, ಆದ್ರ ಇದರಾಗ ತಿರುಳು ಏನೈತ್ರಿ? ಯಾರಿಗೂ ಬುದ್ಧಿ ಹೇಳಲಿಲ್ಲ, ಯಾರನ್ನೂ ಕುಟುಕಲಿಲ್ಲ."

ಈ ಮಾತಿಗೇ ನಾನು ಈ ವಿಮರ್ಶೆ ಬರೆಯುತ್ತಿರುವುದು. ಪ್ರೆಸ್ಸಿನಲ್ಲಿ ಕುಳಿತು 22 ವರ್ಷದಿಂದ ಹಳ್ಳಿ ನಾಟಕಗಳ ಹ್ಯಾಂಡ್‌ಬಿಲ್ಲಿನ ಕರಡು ತಿದ್ದುತ್ತಿದ್ದೇನೆ. ಎಲ್ಲದಕ್ಕೂ ಒಂದೇ ಸಾಲು: "ಹಾಸ್ಯಭರಿತ ಸಾಮಾಜಿಕ ನಾಟಕ". ಈ ಆಟದ ಪೋಸ್ಟರಿನಲ್ಲೂ (ನಮ್ಮ ಪ್ರೆಸ್ಸಿನದಲ್ಲ) ಅದೇ ಇತ್ತು. ಸಾಮಾಜಿಕ ಅಂದ ಕೂಡಲೇ ಜನ ನೀತಿ ಹುಡುಕುತ್ತಾರೆ. ಇದು ಪ್ರಹಸನ. ನಾಟ್ಯಶಾಸ್ತ್ರದ ಭರತ ಹೇಳಿದ ಹತ್ತು ರೂಪಕಗಳಲ್ಲಿ, ಅಂದರೆ ಆಟದ ಬಗೆಗಳಲ್ಲಿ, ನಾಟಕಕ್ಕೆ ಒಂದು ಮಣೆ ಇದ್ದರೆ ಪ್ರಹಸನಕ್ಕೆ ಬೇರೆ ಮಣೆಯೇ ಇದೆ. ಕನ್ನಡದಲ್ಲಿ ಕೈಲಾಸಂ ಅವರನ್ನು ಪ್ರಹಸನ ಪ್ರಪಿತಾಮಹ ಅಂತ ಗೌರವದಿಂದಲೇ ಕರೆದರು.

ವಿಡಂಬನೆಗೆ ಟೆಂಟಿನ ಹೊರಗೆ ಒಂದು ಗುರಿ ಬೇಕು. ಗಿರಣಿ ಮಾಲೀಕ ತೂಕದಲ್ಲಿ ರೈತರಿಗೆ ಮೋಸ ಮಾಡುವವನಾಗಿ, ಅವನನ್ನು ನೋಡಿ ನಾವು ನಗುತ್ತ ಸಿಟ್ಟಾಗಿದ್ದರೆ ಅದು ವಿಡಂಬನೆ. ಇಲ್ಲಿ ಅವನು ಒಳ್ಳೆಯವನೇ, ಸಿಕ್ಕಿಬಿದ್ದಿದ್ದಾನೆ ಅಷ್ಟೇ. ಅಣಕಕ್ಕೆ ಮೂಲ ಗೊತ್ತಿರಬೇಕು, ಹಾಡು ಗೊತ್ತಿಲ್ಲದವನಿಗೆ ಅಣಕವಾಡು ಸಪ್ಪೆ. ಇನ್ನು ವಿನೋದ ನಾಟಕದಲ್ಲಿ ಮನುಷ್ಯರು ಒಂದಿಷ್ಟು ಬದಲಾಗುತ್ತಾರೆ, ಇದು ಅಂಥದ್ದಾಗಿದ್ದರೆ ಗುಮಾಸ್ತ ಕೊನೆಗೆ ನಾಚಿಕೊಂಡು ಮಾವನ ಕಾಲು ಹಿಡಿಯುತ್ತಿದ್ದ. ಪ್ರಹಸನದಲ್ಲಿ ಯಾರೂ ಬದಲಾಗುವುದಿಲ್ಲ, ಗಂಟು ಮಾತ್ರ ಬಿಗಿಯಾಗುತ್ತ ಹೋಗುತ್ತದೆ. ಇವು ಒಂದರೊಳಗೊಂದು ಬೆರೆಯುವುದೂ ಉಂಟು. ಏಳನೇ ಶತಮಾನದಲ್ಲಿ ಪಲ್ಲವ ದೊರೆ ಮಹೇಂದ್ರವರ್ಮ ಬರೆದ ಪ್ರಹಸನದಲ್ಲಿ ಕುಡುಕ ಕಾಪಾಲಿಕನ (ತಲೆಬುರುಡೆಯನ್ನೇ ಭಿಕ್ಷಾಪಾತ್ರೆ ಮಾಡಿಕೊಂಡ ಶೈವ ಸನ್ಯಾಸಿ) ಕಪಾಲ ಕಳೆಯುತ್ತದೆ, ಅವನು ಬೌದ್ಧ ಭಿಕ್ಷುವಿನ ಮೇಲೆ ಕಳವು ಹೊರಿಸುತ್ತಾನೆ. ಒಯ್ದದ್ದು ನಾಯಿ. ಅಲ್ಲಿ ಸನ್ಯಾಸಿಗಳ ಮೇಲೆ ಕುಟುಕೂ ಇದೆ, ಆದರೆ ಆಟವನ್ನು ಓಡಿಸುವುದು ಆ ನಾಯಿಯೇ.

ಇಂಗ್ಲಿಷಿನವರು ಇದಕ್ಕೆ ಫಾರ್ಸ್ ಅನ್ನುತ್ತಾರೆ. ಆ ಮಾತಿನ ಲ್ಯಾಟಿನ್ ಮೂಲಕ್ಕೆ ತುಂಬು, ತುರುಕು ಅಂತ ಅರ್ಥ. ಫ್ರಾನ್ಸಿನಲ್ಲಿ ಧಾರ್ಮಿಕ ನಾಟಕಗಳ ನಡುನಡುವೆ ತುರುಕಿದ ನಗೆಯಾಟಕ್ಕೆ ಆ ಹೆಸರು ಬಂತು, ಅಲ್ಲಿನ ಅಡುಗೆಯವರು ಇವತ್ತಿಗೂ ಒಳಗೆ ತುಂಬುವ ಮಸಾಲೆಗೆ ಅದೇ ಮಾತು ಆಡುತ್ತಾರೆ. ಬದನೆಕಾಯಿಗೆ ಶೇಂಗಾ, ಗುರೆಳ್ಳು ಪುಡಿ ತುಂಬುವ ನನ್ನ ಹೆಂಡತಿಗೆ ಇದು ಕೂಡಲೇ ಹೊಳೆಯಿತು: "ಹಂಗಾದ್ರ ಹಾಸ್ಯಭರಿತ ಅನ್ನೂದು ತಪ್ಪಲ್ಲ ಬಿಡ್ರಿ, ಭರಿತ ಅಂದ್ರೂ ತುಂಬಿದ್ದು ಅಂತನ ಅಲ್ಲೇನು?" ಅವಳ ಮಾತು ಒಪ್ಪಿದೆ. ತೆಗೆಯಬೇಕಾದ ಮಾತು ಸಾಮಾಜಿಕ.

ಪೋಸ್ಟರಿನವರು ಪ್ರಹಸನ ಅಂತ ಬರೆಯಲು ಹೆದರುವುದಕ್ಕೆ ಕಾರಣವೂ ಇದೆ. ಪತ್ರಿಕೆಗಳಲ್ಲಿ "ಸಭೆ ಪ್ರಹಸನವಾಯಿತು", "ತನಿಖೆಯ ಪ್ರಹಸನ" ಅಂತ ಓದಿ ಓದಿ, ಆ ಮಾತಿಗೆ ಕಣ್ಕಟ್ಟು, ಬೂಟಾಟಿಕೆ ಅನ್ನುವ ವಾಸನೆ ಅಂಟಿದೆ. ಹಗರಣಕ್ಕೂ ಹೀಗೇ ಆಯಿತು. ಅದು ಪ್ರಕರಣ ಎನ್ನುವ ರೂಪಕದ ಹೆಸರಿನಿಂದ ಬಂದ ತದ್ಭವ, ವೇಷ ಕಟ್ಟಿ ನಗಿಸುವ ಆಟ. ಈಗ ಹಗರಣ ಅಂದರೆ ದುಡ್ಡು ನುಂಗಿದ ಸುದ್ದಿ. ಆಟದ ಒಂದು ಒಳ್ಳೆಯ ಮಾತು ಹೀಗೆ ಕೈಬಿಟ್ಟು ಹೋಗಿದೆ, ಇನ್ನೊಂದು ಹೋಗುವುದು ನನಗೆ ಬೇಡ. ಬೂಟಾಟಿಕೆಯ ಸಭೆಯಲ್ಲಿ ಯಾರೂ ನಗುವುದಿಲ್ಲ, ಅಲ್ಲಿ ಒಬ್ಬ ನಟನ ಶ್ರಮವೂ ಇಲ್ಲ. ಈ ಗುಮಾಸ್ತನ ಪಾತ್ರಧಾರಿ ಎರಡೂವರೆ ತಾಸು ಓಡಿ ಅಂಗಿ ಬೆವರಿನಲ್ಲಿ ತೊಯ್ಸಿಕೊಂಡಿದ್ದ.

ಕೊರತೆ ಬಂದದ್ದು ಎರಡನೇ ಅರ್ಧದಲ್ಲಿ. ಹಾಸ್ಯ ಪಾತ್ರಧಾರಿ ಆಟ ಬಿಟ್ಟು ಮುಂದಿನ ಸಾಲಿನವರ ಕಡೆ ತಿರುಗಿ ಸುಮಾರು ಹತ್ತು ನಿಮಿಷ ದ್ವಂದ್ವಾರ್ಥದ ಮಾತು ಉದುರಿಸಿದ. ಜನ ಸೀಟಿ ಹೊಡೆದರು, ನಕ್ಕರು. ಆದರೆ ಅಷ್ಟು ಹೊತ್ತು ಮಾಲೀಕ ಚೀಲದೊಳಗೆ ಸುಮ್ಮನೆ ಕೂತಿದ್ದ, ಮೂರು ಬಾಗಿಲೂ ಅಲ್ಲಾಡಲಿಲ್ಲ. ಅದುವರೆಗೆ ಕಟ್ಟಿದ್ದ ಗಂಟು ಸಡಿಲಾಯಿತು, ಕೊನೆಯ ಗುಟ್ಟು ಬಯಲಾದಾಗ ಮೊದಲಿನ ಆರ್ಭಟ ಬರಲಿಲ್ಲ. ಪಕ್ಕದಲ್ಲಿ ಮೊಮ್ಮಗಳೊಂದಿಗೆ ಬಂದಿದ್ದ ಅಜ್ಜಿ ಆಗಲೇ ಎದ್ದು ಹೋಗಿದ್ದರು. ಆ ಹತ್ತು ನಿಮಿಷ ಕತ್ತರಿಸಿದರೆ ಮನೆ ಮಂದಿಯೆಲ್ಲ ಕೂತು ನೋಡುವ ಆಟ ಇದು.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹೋಗುವವರು ಬಲಗಡೆ ಕುರ್ಚಿ ಕೇಳಿರಿ. ಎಡಗಡೆ ಕೂತರೆ ಕಂಬ ಅಡ್ಡ ಬಂದು ಗೋದಾಮಿನ ಬಾಗಿಲು ಕಾಣುವುದಿಲ್ಲ.