ಅವ್ವನ ಶುಗರ್ ಲೆಕ್ಕ ಯಾರ್ಯಾರ ಕೈಗೆ ಹೋಗುತ್ತದೆ: ಆರೈಕೆ ಕೇಂದ್ರದ ಆ್ಯಪ್ ಬಗ್ಗೆ ಒಂದು ವಿಮರ್ಶೆ

ನಮ್ಮ ತಾಯಿಯವರು ಕಳೆದ 14 ತಿಂಗಳಿಂದ ಧಾರವಾಡದ ಸಪ್ತಾಪುರದ ಬಳಿ ಇರುವ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಅಲ್ಲಿಯ ಸಿಸ್ಟರ್‌ಗಳು ಬಿ.ಪಿ., ಶುಗರ್, ಮಾತ್ರೆ, ಊಟ, ನಿದ್ದೆ ಎಲ್ಲವನ್ನೂ ರಿಜಿಸ್ಟರಿನ ಬದಲು ಟ್ಯಾಬ್‌ನಲ್ಲಿ ದಾಖಲಿಸುತ್ತಾರೆ. ಆ ದಾಖಲೆ ಹುಬ್ಬಳ್ಳಿಯಲ್ಲಿರುವ ನನಗೂ ಪುಣೆಯಲ್ಲಿರುವ ತಮ್ಮನಿಗೂ ಮೊಬೈಲಿನಲ್ಲಿ ಸಿಗುತ್ತದೆ. ಈ ಸೇವೆ ಒದಗಿಸುವ ಬೆಂಗಳೂರಿನ ಕಂಪನಿಗೆ ನಾನು ಕೇಳಿದ ಒಂದು ಪ್ರಶ್ನೆ ಇನ್ನೂ ಅವರ ಪರಿಶೀಲನೆಯಲ್ಲಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ದಿನನಿತ್ಯದ ಕೆಲಸದಲ್ಲಿ ಆ್ಯಪ್ ಚೆನ್ನಾಗಿದೆ. ಮಳೆಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿದಾಗ ಹತ್ತು ನಿಮಿಷದೊಳಗೆ ನನಗೆ ಸುದ್ದಿ ಮುಟ್ಟಿತ್ತು.

ನನ್ನ ಚಿಂತೆ ಶುರುವಾದದ್ದು ಪ್ರತಿ ಸಂಜೆ ಬರುವ ಎಸ್‌ಎಂಎಸ್‌ನಿಂದ. ಅದರಲ್ಲಿ ಅವ್ವನ ಪೂರ್ಣ ಹೆಸರು, ಕೋಣೆಯ ಸಂಖ್ಯೆ, ಅಂದಿನ ಶುಗರ್ ಅಂಕಿ, ಕೊಟ್ಟ ಮಾತ್ರೆಯ ಹೆಸರು ಎಲ್ಲವೂ ಇರುತ್ತವೆ. ಇಂಥ ಸಂದೇಶಗಳನ್ನು ಕಂಪನಿಯೇ ನೇರವಾಗಿ ಕಳಿಸುವುದಿಲ್ಲ. ಸಗಟಾಗಿ ಎಸ್‌ಎಂಎಸ್ ರವಾನಿಸುವ ಮತ್ತೊಂದು ಸಂಸ್ಥೆಯ ಮೂಲಕ ಅವು ಮೊಬೈಲ್ ಕಂಪನಿಗೆ ಹೋಗಿ ನಮ್ಮನ್ನು ತಲುಪುತ್ತವೆ, ಮತ್ತು ದಾರಿಯಲ್ಲಿ ಆ ಸಂಸ್ಥೆಗಳ ಕಂಪ್ಯೂಟರುಗಳಿಗೆ ಸಂದೇಶದ ಒಕ್ಕಣೆ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಹಾಗಾದರೆ ಅವ್ವನ ಕಾಯಿಲೆಯ ವಿವರ ಒಟ್ಟು ಎಷ್ಟು ಜನರ ಬಳಿ ಇದೆ ಎಂದು ಕೇಂದ್ರದ ಮ್ಯಾನೇಜರರನ್ನು ಕೇಳಿದೆ. ಅವರು, "ಅದೆಲ್ಲಾ ಕಂಪನಿಯವರ ಜವಾಬ್ದಾರಿ ರೀ, ನಮಗೇನು ಗೊತ್ತಿಲ್ಲ" ಎಂದರು.

ಮ್ಯಾನೇಜರರು ಒಳ್ಳೆಯವರು, ಆದರೆ ಅವರ ತಿಳಿವಳಿಕೆ ತಪ್ಪು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿಯನ್ನು ಯಾಕೆ ಮತ್ತು ಹೇಗೆ ಬಳಸಬೇಕೆಂದು ತೀರ್ಮಾನಿಸುವವರೇ ಅದರ ಹೊಣೆಗಾರರು. ಅವರ ಪರವಾಗಿ ಅದನ್ನು ಸಂಸ್ಕರಿಸುವ ಕಂಪನಿ ಅವರ ಕೆಲಸ ಮಾಡಿಕೊಡುವ ಸಂಸ್ಕರಣಕಾರ ಮಾತ್ರ. ಇಲ್ಲಿ ಆರೈಕೆ ಕೇಂದ್ರವೇ ಹೊಣೆಗಾರ. ಕಾಯ್ದೆಯ 8ನೆಯ ಕಲಮು ಸಂಸ್ಕರಣಕಾರರನ್ನು ಸರಿಯಾದ ಕರಾರಿನ ಮೇಲೆಯೇ ನೇಮಿಸಬೇಕೆಂದು ಹೇಳುತ್ತದೆ, ಮತ್ತು ಕರಾರಿನಲ್ಲಿ ಏನೇ ಬರೆದಿದ್ದರೂ ಅವರು ಮಾಡಿದ ಕೆಲಸಕ್ಕೆ ಹೊಣೆಗಾರರೇ ಉತ್ತರಿಸಬೇಕೆನ್ನುತ್ತದೆ. ಸಾಕಷ್ಟು ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡಕ್ಕೆ ಅವಕಾಶವಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಆ ಅವಧಿ ಸಿದ್ಧತೆ ಮಾಡಿಕೊಳ್ಳಲಿಕ್ಕೆ ಇರುವುದು. ಸುಮ್ಮನೆ ಕೂಡಲಿಕ್ಕಲ್ಲ ಎಂದು ನಾನು ನಂಬಿದ್ದೇನೆ.

ಕಂಪನಿಗೇ ಪತ್ರ ಬರೆದೆ. ಅವರ ಗೋಪ್ಯತಾ ನೀತಿಯಲ್ಲಿ "ವಿಶ್ವಾಸಾರ್ಹ ಪಾಲುದಾರರು" ಎಂಬ ಎರಡು ಪದಗಳ ಹೊರತು ಏನೂ ಇರಲಿಲ್ಲವಾದರೂ, ಮೂರು ವಾರಗಳ ನಂತರ ಬಂದ ಉತ್ತರ ನಾನು ನಿರೀಕ್ಷಿಸಿದ್ದಕ್ಕಿಂತ ಪ್ರಾಮಾಣಿಕವಾಗಿತ್ತು. ಮಾಹಿತಿ ಸಂಗ್ರಹಿಸುವ ಕ್ಲೌಡ್ ಸಂಸ್ಥೆ, ಆ್ಯಪ್ ಕೆಟ್ಟಾಗ ವರದಿ ಕಳಿಸುವ ಸೇವೆ, ಬಿಲ್ಲಿನ ಹಣ ಪಾವತಿಸುವ ಸೇವೆ ಎಂದು ಒಂದೊಂದನ್ನೂ ಹೆಸರಿಸಿ, ಯಾವುದಕ್ಕೆ ಯಾವ ಮಾಹಿತಿ ಹೋಗುತ್ತದೆ ಎಂಬುದನ್ನು ತಿಳಿಸಿದ್ದರು. ಕ್ಲೌಡ್ ಮುಂಬಯಿಯಲ್ಲಿದೆ, ಆ್ಯಪ್ ಕೆಟ್ಟಾಗ ಹೋಗುವ ವರದಿಗಳಿಂದ ಹಿರಿಯರ ಹೆಸರನ್ನು ಮೊದಲೇ ತೆಗೆದಿರುತ್ತಾರೆ. ಈ ಎಚ್ಚರವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಆ ಪಟ್ಟಿಯಲ್ಲಿ ಎಸ್‌ಎಂಎಸ್ ಸಂಸ್ಥೆಯ ಹೆಸರೇ ಇರಲಿಲ್ಲ. ಮತ್ತೆ ಕೇಳಿದಾಗ, ಅದು "ಕೇವಲ ಸಂದೇಶ ದಾಟಿಸುವ ಮಾರ್ಗ" ಎಂದರು. ಇದನ್ನು ನಾನು ಒಪ್ಪುವುದಿಲ್ಲ. ಅವ್ವ ತೆಗೆದುಕೊಳ್ಳುವ ಮಾತ್ರೆಯ ಹೆಸರು ಹಾದುಹೋಗುವ ಜಾಗವೂ ಮಾಹಿತಿ ಇರುವ ಜಾಗವೇ ಆಗಿದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ, ಸಂಸ್ಕರಣಕಾರರು ಮತ್ತೊಬ್ಬರಿಗೆ ಕೆಲಸ ವಹಿಸಬೇಕಾದರೆ ಹೊಣೆಗಾರರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ನಮ್ಮ ಕಾಯ್ದೆಯಲ್ಲಿ ಅದನ್ನು ಅಷ್ಟು ಬಿಡಿಸಿ ಹೇಳಿಲ್ಲವಾದ್ದರಿಂದ ಕರಾರಿನಲ್ಲಿಯೇ ಬರೆಸಿಕೊಳ್ಳಬೇಕಾಗುತ್ತದೆ.

ಅಳಿಸುವ ವಿಷಯದಲ್ಲಿಯೂ ಇದೇ ಕೊರತೆ ಎದ್ದು ಕಂಡಿತು. ಅವ್ವನ ಕೋಣೆಯಲ್ಲಿದ್ದ ಹಿರಿಯರೊಬ್ಬರು ಹಾವೇರಿಯ ಮಗಳ ಮನೆಗೆ ಹೋದ ಮೇಲೆ ತಮ್ಮ ದಾಖಲೆ ತೆಗೆಯಿಸಬೇಕೆಂದು ಕೇಳಿದರು. ಮೂಲ ದಾಖಲೆಯನ್ನು ಒಂದು ವಾರದಲ್ಲಿ, ಕ್ಲೌಡಿನ ಹೆಚ್ಚುವರಿ ಪ್ರತಿಗಳನ್ನು 90 ದಿನಗಳಲ್ಲಿ ಅಳಿಸುವುದಾಗಿ ಕಂಪನಿ ಬರೆದುಕೊಟ್ಟಿತು. ಸಂಸ್ಕರಣಕಾರರ ಬಳಿ ಇರುವುದನ್ನೂ ಅಳಿಸಿಸುವುದು ಕಾಯ್ದೆಯ ಪ್ರಕಾರ ಹೊಣೆಗಾರರ ಕರ್ತವ್ಯವಾಗಿದ್ದರೂ, ಕಳಿಸಿದ ನೂರಾರು ಎಸ್‌ಎಂಎಸ್‌ಗಳ ಪ್ರತಿ ಏನಾಯಿತು ಎಂಬ ಬಗ್ಗೆ ಆ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ.

ಇನ್ನೊಂದು ಮಾತು: ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅದನ್ನು ಸಂವಿಧಾನದ 8ನೆಯ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿಯೂ ಓದುವ ಆಯ್ಕೆ ಇರಬೇಕೆಂದು ಕಾಯ್ದೆಯೇ ಹೇಳುವಾಗ, ಪ್ರಾಥಮಿಕ ಶಾಲೆಯಲ್ಲಿ ಜೀವನವಿಡೀ ಕನ್ನಡ ಕಲಿಸಿದ ಅವ್ವ ತನಗೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಕಾದದ್ದು ನನಗೆ ನೋವು ತಂದಿತು.

ಸೇವೆಗೆ 5ರಲ್ಲಿ 3 ಅಂಕ ಕೊಡುತ್ತೇನೆ. "ಇಂದಿನ ವರದಿ ಸಿದ್ಧವಿದೆ, ಆ್ಯಪ್‌ನಲ್ಲಿ ನೋಡಿರಿ" ಎಂಬಷ್ಟೇ ಒಕ್ಕಣೆ ಕಳಿಸಿದರೆ ಎಸ್‌ಎಂಎಸ್‌ನ ತೊಡಕು ಬಹುಮಟ್ಟಿಗೆ ನೀಗುತ್ತದೆ ಎಂದು ಕಂಪನಿಗೆ ತಿಳಿಸಿದ್ದೇನೆ. ಅವರು ಪರಿಶೀಲಿಸುತ್ತಿರುವುದು ಇದನ್ನೇ. ಕೇಂದ್ರದ ಕರಾರು ಮುಂದಿನ ತಿಂಗಳು ನವೀಕರಣಕ್ಕೆ ಬರಲಿದ್ದು, ಹೊಸ ಸಂಸ್ಥೆಯನ್ನು ಸೇರಿಸುವ ಮೊದಲು ನಮಗೆ ಕನ್ನಡದಲ್ಲಿ ತಿಳಿಸಬೇಕೆಂಬ ಷರತ್ತನ್ನು ಅದರಲ್ಲಿ ಬರೆಸಲು ಮ್ಯಾನೇಜರರು ಒಪ್ಪಿದ್ದಾರೆ.