ಗ್ಲಾಕ್ 43ಎಕ್ಸ್: ಟೆಕ್ಸಸ್‌ನ ಸೆಖೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಮೇಲೆ

ಈ ಪಿಸ್ತೂಲು ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ನಾನು ಕೊಂಡದ್ದು ಅದಾದ ಸ್ವಲ್ಪ ಕಾಲಕ್ಕೆ, ಸುಮಾರು 450 ಡಾಲರ್ ಕೊಟ್ಟು. ಡಲ್ಲಾಸ್ ಹತ್ತಿರ ನಮ್ಮದೊಂದು ಚಿಕ್ಕ ಅಂಗಡಿ ಇದೆ. ರಾತ್ರಿ ಬಾಗಿಲು ಹಾಕಿ ಹಣ ತೆಗೆದುಕೊಂಡು ಮನೆಗೆ ಬರುವುದು ಬಹುತೇಕ ನಾನೇ. ಹುಟ್ಟಿದ್ದು ಕೊಡಗಿನಲ್ಲಿ, ಕೈಲ್ ಮುಹೂರ್ತಕ್ಕೆ ಕೋವಿಗೆ ಪೂಜೆ ಮಾಡುವ ಮನೆಯಲ್ಲಿ. ಹಾಗಾಗಿ ಬಂದೂಕು ಅಂದರೆ ನನಗೆ ಹೆದರಿಕೆಯೂ ಇಲ್ಲ, ಹುಚ್ಚೂ ಇಲ್ಲ. ಆದರೆ ಕೋವಿಯ ಅಭ್ಯಾಸ ಪಿಸ್ತೂಲಿಗೆ ಅಷ್ಟಾಗಿ ಒದಗುವುದಿಲ್ಲ. ಕೋವಿಗೆ ಹೆಗಲಿನ ಆಸರೆ ಇರುತ್ತದೆ, ಇಲ್ಲಿ ಇರುವುದು ಮಣಿಕಟ್ಟು ಮಾತ್ರ.

ಹೆಂಗಸು ಕೌಂಟರ್ ಮುಂದೆ ನಿಂತರೆ ಸಾಕು, ಅಂಗಡಿಯವರು ಇರುವುದರಲ್ಲೇ ಪುಟ್ಟದ್ದನ್ನು ಮುಂದಿಡುತ್ತಾರೆ. ನನಗೂ ಹಾಗೇ ಆಯಿತು: ‘ಇದು ಹಗುರ, ಕೈಚೀಲದಲ್ಲಿ ಹಿಡಿಸುತ್ತೆ.’ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಪಿಸ್ತೂಲು ಹಗುರವಾದಷ್ಟೂ ಒದೆತ ಜೋರು, ಹಿಡಿ ಗಿಡ್ಡವಾದಷ್ಟೂ ಕಿರುಬೆರಳಿಗೆ ಜಾಗವಿಲ್ಲ. ಎರಡು ಡಬ್ಬಿ ಗುಂಡು ಖಾಲಿಯಾಗುವಷ್ಟರಲ್ಲಿ ಕೈ ನೋಯುತ್ತದೆ. ನೋಯುವ ಪಿಸ್ತೂಲನ್ನು ಯಾರೂ ರೇಂಜಿಗೆ, ಅಂದರೆ ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗಕ್ಕೆ, ಒಯ್ಯುವುದಿಲ್ಲ, ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ಇನ್ನು ಕೈಚೀಲದ ಮಾತೇ ಬೇಡ. ಅದನ್ನು ಕುರ್ಚಿಗೆ ನೇತುಹಾಕುತ್ತೇವೆ, ಮಕ್ಕಳ ಕೈಗೆ ಸಿಗುವ ಹಾಗೆ ಬಿಡುತ್ತೇವೆ, ಕಳ್ಳ ಮೊದಲು ಕಿತ್ತುಕೊಳ್ಳುವುದೂ ಅದನ್ನೇ.

ಇಲ್ಲಿನ ಹಲವು ರೇಂಜ್‌ಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮೊದಲು ಮೂರ್ನಾಲ್ಕನ್ನು ಹಾರಿಸಿ ನೋಡಿ. ಸಿಗ್ ಪಿ365 ನನಗೆ ತುಂಬಾ ಹಿಡಿಸಿತ್ತು. ಅಷ್ಟು ಚಿಕ್ಕ ಮೈಯಲ್ಲಿ 10 ಗುಂಡು ತುಂಬಿಸಿ 2018ರಲ್ಲಿ ಈ ವರ್ಗದ ಲೆಕ್ಕಾಚಾರವನ್ನೇ ಬದಲಿಸಿದ್ದು ಅದು. ಆದರೆ ನನ್ನ ಅಂಗೈಗೆ 43ಎಕ್ಸ್‌ನ ಉದ್ದ ಹಿಡಿಯೇ ಸರಿಹೋಯಿತು, ಐದೂ ಬೆರಳು ಕೂರುತ್ತವೆ.

ಬಟ್ಟೆಯಡಿ ಪಿಸ್ತೂಲನ್ನು ತೋರಿಸಿಕೊಡುವುದು ನಳಿಗೆಯಲ್ಲ, ಹಿಡಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಳಿಗೆ ಪ್ಯಾಂಟಿನೊಳಗೆ ಕೆಳಮುಖವಾಗಿ ಅಡಗುತ್ತದೆ. ಬಗ್ಗಿದಾಗ ಟಾಪ್ ಎತ್ತಿ ಉಬ್ಬುವುದು ಹಿಡಿಯ ತುದಿ. 43ಎಕ್ಸ್‌ನ ಎತ್ತರ 128 ಮಿ.ಮೀ., ದೊಡ್ಡಣ್ಣ ಗ್ಲಾಕ್ 19ರದ್ದೂ ಅಷ್ಟೇ! ಅಂದರೆ ಆ ಲೆಕ್ಕದಲ್ಲಿ ಉಳಿತಾಯವೇನೂ ಇಲ್ಲ. ಉಳಿಯುವುದು ದಪ್ಪದಲ್ಲಿ, ಸುಮಾರು 6 ಮಿ.ಮೀ. ಕಾಗದದ ಮೇಲೆ ಇದು ಏನೂ ಅಲ್ಲ. ಕಾರಿನ ಸೀಟಿನಲ್ಲಿ ಒಂದು ಗಂಟೆ ಕೂತರೆ ಮಾತ್ರ ಪಕ್ಕೆಗೆ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕೆ ತೆರುವ ಬೆಲೆ: 19ರಲ್ಲಿ 15 ಗುಂಡು, ಇದರಲ್ಲಿ 10.

ನಿಜವಾದ ಖರ್ಚು, ನಿಜವಾದ ತಲೆನೋವು ಹೋಲ್‌ಸ್ಟರ್‌ನದ್ದು, ಅಂದರೆ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸುವ ಕವಚದ್ದು. ಈ ಪಿಸ್ತೂಲಿಗೆ ಹೆಬ್ಬೆರಳಿನಿಂದ ಒತ್ತುವ ಸೇಫ್ಟಿ ಇಲ್ಲ. ಹೊರಗೆ ಕಾಣುವುದು ಟ್ರಿಗರ್‌ನಲ್ಲೇ ಇರುವ, ಬೆರಳಿಟ್ಟು ಒತ್ತಿದಾಗ ಒಳಹೋಗುವ ಒಂದು ಪುಟ್ಟ ನಾಲಗೆ, ಅಷ್ಟೇ. ಆದ್ದರಿಂದ ಟ್ರಿಗರ್ ಪೂರ್ತಿ ಮುಚ್ಚುವ, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಕವಚ ಬೇಕೇ ಬೇಕು. ನಾನು ಮೊದಲು ತರಿಸಿದ ಅಗ್ಗದ ಬಟ್ಟೆಯ ಚೀಲದ ಬಾಯಿ, ಪಿಸ್ತೂಲು ತೆಗೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಅಂಚು ಮಡಚಿ ಟ್ರಿಗರ್ ಹತ್ತಿರ ಬರುವುದನ್ನು ಖಾಲಿ ಪಿಸ್ತೂಲಿನಲ್ಲಿ ನೋಡಿದೆ, ಕಸದ ಬುಟ್ಟಿಗೆ ಹಾಕಿದೆ. ಈಗಿನದ್ದು ಸೊಂಟದ ಮುಂಭಾಗಕ್ಕೆ ಕೂರುವ ಕೈಡೆಕ್ಸ್, ಜೊತೆಗೆ ಬಗ್ಗದ ಬೆಲ್ಟ್. ಹೆಂಗಸರ ಸೊಂಟದ ತಿರುವಿಗೆ ಪಕ್ಕದಲ್ಲಿ ಸಿಕ್ಕಿಸಿದರೆ ಹಿಡಿ ಪಕ್ಕೆಲುಬಿಗೆ ಚುಚ್ಚುತ್ತದೆ, ಮುಂದಕ್ಕೆ ತಂದರೆ ವಾಸಿ. ಓಡಾಡುವಾಗ ಇದರ ಸ್ಕ್ರೂಗಳು ಸಡಿಲಾಗುತ್ತಿದ್ದವು. ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್, ಒಂದು ತೊಟ್ಟು ಹಾಕಿದ ಮೇಲೆ ಅಲುಗಿಲ್ಲ.

ಇಷ್ಟು ವರ್ಷದಲ್ಲಿ ಪಿಸ್ತೂಲಿಗೆ ತುಕ್ಕು ಹಿಡಿದಿಲ್ಲ. ಜುಲೈ-ಆಗಸ್ಟ್‌ನ ಬೆವರಿಗೆ ಇದು ದೊಡ್ಡ ಮಾತು. ಆದರೆ ಹತ್ತಿ ಬಟ್ಟೆಯ ನವಿರು ಧೂಳು ಎಲ್ಲೆಲ್ಲೂ ನುಗ್ಗುತ್ತದೆ. ಗುರಿ ನೋಡುವ ಹಿಂದಿನ ಸೈಟಿನ ಬುಡದಲ್ಲಿ, ಗುಂಡು ತುಂಬುವ ಮ್ಯಾಗಜಿನ್‌ನ ಬಾಯಲ್ಲಿ ಬೂದು ಉಂಡೆ ಕಟ್ಟಿಕೊಂಡಿರುತ್ತದೆ. ಗುಂಡು ಹಾರಿಸದಿದ್ದರೂ ಆಗಾಗ ಒರೆಸಬೇಕು. ಇನ್ನೊಂದು: ದಿನಾ ರಾತ್ರಿ ಗುಂಡು ತೆಗೆದು ಬೆಳಿಗ್ಗೆ ಅದೇ ಗುಂಡನ್ನು ಮತ್ತೆ ಮತ್ತೆ ಏರಿಸಬೇಡಿ. ಮುಂದಿನ ಸೀಸ ಒಳಗೊಳಗೇ ತೋಟಾದೊಳಕ್ಕೆ ಕುಸಿಯುತ್ತದೆ, ಹಾರಿಸಿದಾಗ ಒತ್ತಡ ಅಪಾಯಕ್ಕೆ ಏರುತ್ತದೆ. ಹೊಸ ಗುಂಡಿನ ಪಕ್ಕ ನಿಲ್ಲಿಸಿದರೆ ಗಿಡ್ಡವಾಗಿದ್ದು ಕಣ್ಣಿಗೇ ಕಾಣುತ್ತದೆ. ನಾನು ಹೋಲ್‌ಸ್ಟರ್ ಸಮೇತ ಬಿಚ್ಚಿ ನೇರ ಸೇಫ್‌ನೊಳಗಿಟ್ಟು ಬೀಗ ಹಾಕುತ್ತೇನೆ.

ಕಾನೂನಿನ ವಿಷಯ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಅರ್ಹರಿಗೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಲು ಲೈಸೆನ್ಸ್ ಕಡ್ಡಾಯವಲ್ಲ. ಆದರೂ ಮಾಡಿಸಿಕೊಳ್ಳಿ. ತರಗತಿಯಲ್ಲಿ ಕಾನೂನು ಹೇಳಿಕೊಡುತ್ತಾರೆ; 3, 7, 15 ಗಜ ದೂರದಿಂದ ಒಟ್ಟು 50 ಗುಂಡು, 250ಕ್ಕೆ 175 ಅಂಕ ಬಂದರೆ ಪಾಸು. ಕಷ್ಟವಲ್ಲ, ಅದರಲ್ಲಿ ಒದ್ದಾಡುವವರು ಪಿಸ್ತೂಲು ಸಿಕ್ಕಿಸಿಕೊಂಡು ಹೊರಗೆ ಹೊರಡದಿರುವುದೇ ಲೇಸು. ಎಚ್-1ಬಿ ವೀಸಾದಲ್ಲಿರುವ ನಮ್ಮವರು ಗಮನಿಸಿ: ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನಿನಡಿ ನಿಮಗೆ ಬಂದೂಕು ಕೊಳ್ಳಲಿಕ್ಕೂ ಇಲ್ಲ, ಇಟ್ಟುಕೊಳ್ಳಲಿಕ್ಕೂ ಇಲ್ಲ. ಗ್ರೀನ್ ಕಾರ್ಡ್ ಇದ್ದರೆ ಆ ತಡೆ ಇಲ್ಲ. ಬಾರ್‌ಗಳ ಬಾಗಿಲಿನ ಕೆಂಪು ‘51%’ ಫಲಕ, ಅಂಗಡಿಗಳ ಮುಂದಿನ 30.06 ಫಲಕ, ಇವೆರಡೂ ಪಿಸ್ತೂಲು ಒಳಗೆ ತರಬೇಡಿ ಎನ್ನುವವು, ಇವನ್ನು ಓದದೆ ಒಳಗೆ ಹೋಗಬೇಡಿ.

ಚೂಡಿದಾರಕ್ಕೆ ಬೆಲ್ಟ್ ಇಲ್ಲದ್ದರಿಂದ ಹೊಟ್ಟೆಗೆ ಸುತ್ತುವ ಪಟ್ಟಿ ಕಟ್ಟಿಕೊಳ್ಳುತ್ತೇನೆ. ಸೆಖೆಗೆ ಅದು ಶಿಕ್ಷೆ. ಸೀರೆಗಂತೂ ಇವತ್ತಿಗೂ ದಾರಿ ಸಿಕ್ಕಿಲ್ಲ. ಸೀರೆ ಉಡುವುದು ರಾಜ್ಯೋತ್ಸವಕ್ಕೆ, ಅದು ನಡೆಯುವುದು ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ, ಶಾಲೆಯೊಳಗೆ ಹೇಗೂ ಪಿಸ್ತೂಲು ಒಯ್ಯುವಂತಿಲ್ಲ. ಹಾಗಾಗಿ ದಾರಿ ಹುಡುಕುವ ಗೋಜಿಗೂ ಹೋಗಿಲ್ಲ.