ಪಿಎಸ್‌ಐ/ಜೆ: ಹಲವು ಸೂಪರ್‌ಕಂಪ್ಯೂಟರ್‌ಗಳಿಗೆ ಒಂದೇ ಕೋಡ್

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಫ್ರಾಂಟಿಯರ್ ಸೂಪರ್‌ಕಂಪ್ಯೂಟರ್‌ನಲ್ಲಿ ಕೆಲಸಗಳನ್ನು ಸರತಿಗೆ ಹಚ್ಚುವುದು ಸ್ಲರ್ಮ್ ಎಂಬ ಶೆಡ್ಯೂಲರ್ ತಂತ್ರಾಂಶ. ಆರ್ಗಾನ್ ಪ್ರಯೋಗಾಲಯದ ಅರೋರಾದಲ್ಲಿ ಅದೇ ಕೆಲಸಕ್ಕೆ ಪಿಬಿಎಸ್. ಹೀಗಾಗಿ ಒಂದೇ ಸಿಮ್ಯುಲೇಶನ್ ಅನ್ನು ಎರಡೂ ಕಡೆ ಓಡಿಸಬೇಕಾದ ಸಂಶೋಧಕರು ಸ್ಲರ್ಮ್‌ಗೆ ಕೆಲಸ ಸಲ್ಲಿಸುವ ಎಸ್‌ಬ್ಯಾಚ್ ಆದೇಶಕ್ಕೆ ಒಂದು, ಪಿಬಿಎಸ್‌ನ ಕ್ಯೂಸಬ್‌ಗೆ ಇನ್ನೊಂದು ಸ್ಕ್ರಿಪ್ಟ್ ಬರೆದು, ಎರಡನ್ನೂ ತಿದ್ದುತ್ತಲೇ ಇರಬೇಕಾಗುತ್ತದೆ. ಅಮೆರಿಕದ ಎಕ್ಸಾಸ್ಕೇಲ್ ಕಂಪ್ಯೂಟಿಂಗ್ ಯೋಜನೆಯ ಭಾಗವಾಗಿದ್ದ ಎಕ್ಸಾವರ್ಕ್ಸ್ ತಂಡ ರೂಪಿಸಿದ ಪಿಎಸ್‌ಐ/ಜೆ ಎಂಬ ಮುಕ್ತ ಪೈಥಾನ್ ಲೈಬ್ರರಿ ಈ ತಾಪತ್ರಯವನ್ನು ನಿಜಕ್ಕೂ ತಗ್ಗಿಸುತ್ತದೆ.

ಯಾವ ಪ್ರೋಗ್ರಾಂ, ಎಷ್ಟು ನೋಡ್ (ಸೂಪರ್‌ಕಂಪ್ಯೂಟರ್‌ನೊಳಗಿನ ಒಂದೊಂದು ಕಂಪ್ಯೂಟರ್), ಎಷ್ಟು ಹೊತ್ತು ಎಂಬುದನ್ನು ಒಮ್ಮೆ ಬರೆದಿಟ್ಟು, ಯಂತ್ರ ಬದಲಾದಾಗ ಎಕ್ಸಿಕ್ಯೂಟರ್‌ನ (ಶೆಡ್ಯೂಲರ್ ಜೊತೆ ವ್ಯವಹರಿಸುವ ಭಾಗದ) ಹೆಸರನ್ನು ‘ಸ್ಲರ್ಮ್’ನಿಂದ ‘ಪಿಬಿಎಸ್’ಗೆ ತಿದ್ದಿದರೆ, ಆಯಾ ಶೆಡ್ಯೂಲರ್‌ಗೆ ಬೇಕಾದ ಸ್ಕ್ರಿಪ್ಟನ್ನು ಲೈಬ್ರರಿಯೇ ಸಿದ್ಧಪಡಿಸಿ ಸಲ್ಲಿಸುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಥಿತಿಗಳ ಏಕರೂಪತೆ: ಕೆಲಸ ಸರತಿಯಲ್ಲಿದೆಯೋ, ಓಡುತ್ತಿದೆಯೋ, ಮುಗಿಯಿತೋ, ವಿಫಲವಾಯಿತೋ ಎಂಬುದು ಎಲ್ಲೆಡೆ ಒಂದೇ ಹೆಸರಿನಲ್ಲಿ ತಿಳಿಯುವುದರಿಂದ, ಮುಂದಿನ ಹಂತವನ್ನು ಶುರುಮಾಡುವ ಕೋಡ್ ಚಿಕ್ಕದಾಗಿ, ಓದಲು ಸುಲಭವಾಗಿ ಉಳಿಯುತ್ತದೆ. ಸ್ಥಾಪನೆಗೆ ಆಡಳಿತಗಾರರ ವಿಶೇಷ ಅಧಿಕಾರವೂ ಬೇಕಿಲ್ಲ.

ಆದರೆ ಪ್ರಾಜೆಕ್ಟ್ ಖಾತೆ ಮತ್ತು ಸರತಿಯ ಹೆಸರುಗಳನ್ನು ಕೇಂದ್ರಕ್ಕೆ ತಕ್ಕಂತೆ ಬಳಕೆದಾರರೇ ತುಂಬಬೇಕು. ದೂರದ ಕೇಂದ್ರಕ್ಕೆ ಲಾಗಿನ್ ಆಗುವುದು, ಕೇಂದ್ರಗಳ ನಡುವೆ ಕಡತ ಸಾಗಿಸುವುದು ಇದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ, ಕಡತ ಸಾಗಿಸುವ ಗ್ಲೋಬಸ್‌ನಂಥ ಸೇವೆಯೊಂದನ್ನು ಜೊತೆಗಿಟ್ಟುಕೊಂಡೇ ಇದನ್ನು ಬಳಸುವುದು ಒಳಿತು.